ಎನ್.ಆರ್. ಪುರದ ಹಳೆಯ ವರ್ಷನ್

ಕಾಂತೇಶ ಮಾತು ಕಡಿಮೆಯ ಆಸಾಮಿ. ಕೊಪ್ಪದ ಒಂದು ರಕ್ತಪರೀಕ್ಷೆ ಲ್ಯಾಬಿನ ಕಂಪ್ಯೂಟರುಗಳೆಲ್ಲ ಅವನ ಸುಪರ್ದಿನಲ್ಲಿದ್ದವು. ಲ್ಯಾಬಿಗೆ ಶೃಂಗೇರಿಯಲ್ಲೊಂದು, ಎನ್.ಆರ್. ಪುರದಲ್ಲೊಂದು ಶಾಖೆ. ಮೂರೂ ಊರಿನ ಯಂತ್ರಗಳನ್ನು ಒಂದೇ ಕೋಣೆಯಲ್ಲಿದ್ದಂತೆ ಇಂಟರ್ನೆಟ್ಟಿನ ಮೇಲೆ ಬೆಸೆಯುವ ಸಾಫ್ಟ್‌ವೇರ್ ಹಾಕಿದವನೂ ಅವನೇ. ಎನ್.ಆರ್. ಪುರದಲ್ಲಿ ಕೂರುತ್ತಿದ್ದವಳು ಅವನ ಹೆಂಡತಿ ಸುಮನಾ. ಆ ಯಂತ್ರಕ್ಕೆ ಅವಳ ಹೆಸರನ್ನೇ ಇಟ್ಟಿದ್ದ. ಬೆಳಿಗ್ಗೆ ಒಂಬತ್ತಕ್ಕೆ ಅವಳು ಕಂಪ್ಯೂಟರ್ ಹಾಕಿದರೆ ಕೊಪ್ಪದ ಪರದೆಯಲ್ಲಿ ‘ಸುಮನಾ’ ಪಕ್ಕ ಹಸಿರು ಚುಕ್ಕೆ ಮೂಡುತ್ತಿತ್ತು.

ಸುಮನಾ ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡಳು. ಅವಳ ಕುರ್ಚಿಗೆ ವಿಜಯ ಎಂಬ ಹುಡುಗಿ ಬಂದಳು. ಚುಕ್ಕೆ ಮಾತ್ರ ಒಂಬತ್ತಕ್ಕೆ ಮೂಡುತ್ತಲೇ ಇತ್ತು. ಕಾಂತೇಶ ಅಳಲಿಲ್ಲ. ಉಣ್ಣುತ್ತಿದ್ದ, ರುಚಿ ತಿಳಿಯುತ್ತಿರಲಿಲ್ಲ. ಚುಕ್ಕೆ ನೋಡುತ್ತಿದ್ದ.

ಆರು ತಿಂಗಳಾದ ಮೇಲೆ ಆ ಬೆಸೆಯುವ ಸಾಫ್ಟ್‌ವೇರಿನ ಹೊಸ ವರ್ಷನ್ ಬಂತು. ಶಾಖೆಗಳೆಲ್ಲ ಬದಲಾಗುವ ತನಕ ಕೊಪ್ಪದ ಸರ್ವರ್ ಹಳೆಯದು, ಹೊಸದು ಎರಡನ್ನೂ ಸಂಭಾಳಿಸಬೇಕು. ಹೊಸದು ಕೈಕೊಟ್ಟರೆ ಹಳೇ ಗಂಡನ ಪಾದವೇ ಗತಿ ಎಂದು ತಿಂಗಳೊಂದು ಹಾಗೆ ಬಿಡುವುದು ವಾಡಿಕೆ. ಶೃಂಗೇರಿ ಮೊದಲ ವಾರವೇ ಬದಲಾಯಿತು. ಎನ್.ಆರ್. ಪುರದಲ್ಲಿ ಹೊಸದನ್ನು ಹಾಕಿದರೆ ಹಳೆಯ ನೋಂದಣಿ ನಿಂತುಹೋಗುತ್ತದೆ, ಹೆಸರನ್ನು ಹೊಸದಾಗಿ ಕೊಡಬೇಕಾಗುತ್ತದೆ; ಅಲ್ಲಿ ಕೂರುವವಳು ಈಗ ಸುಮನಾ ಅಲ್ಲ. ಕಾಂತೇಶ ತನ್ನ ಪುಸ್ತಕದಲ್ಲಿ ಬರೆದ: ‘ಎನ್.ಆರ್. ಪುರ, ಯಂತ್ರ ಹಳೆಯದು, ಹೊಸ ವರ್ಷನ್ ಹೊಂದುವುದಿಲ್ಲ.’ ಶುದ್ಧ ಸುಳ್ಳು. ಲ್ಯಾಬಿನಲ್ಲಿ ಅದನ್ನು ಹಿಡಿಯುವಷ್ಟು ತಿಳಿದವರು ಯಾರೂ ಇರಲಿಲ್ಲ.

ಒಂದು ತಿಂಗಳು ಹೋಗಿ ಎಂಟಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಎರಡು ವರ್ಷನ್ನುಗಳ ಜಗ್ಗಾಟದಲ್ಲಿ ಸಂಪರ್ಕ ಕಡಿಯತೊಡಗಿತು. ಎನ್.ಆರ್. ಪುರದ ರಿಪೋರ್ಟುಗಳು ಕೊಪ್ಪದ ಡಾಕ್ಟರಿಗೆ ತಲುಪದೆ ಅಲ್ಲೇ ಉಳಿಯುತ್ತಿದ್ದವು. ಒಂದು ದಿನ ಶಂಕರಮ್ಮ ಎಂಬ ಎಪ್ಪತ್ತರ ಮುದುಕಿ ನೇರ ಕಾಂತೇಶನ ಮೇಜಿಗೇ ಬಂದಳು.

“ಎಂತ ಮಾರಾಯ ನಿಂದು? ಪುರದಲ್ಲಿ ರಕ್ತ ಕೊಟ್ಟು ವಾರ ಆಯ್ತು. ಮೂರು ಸಲ ಬಸ್ ಹತ್ತಿ ಬಂದೆ, ಮೂರು ಸಲಾನೂ ರಿಪೋರ್ಟ್ ಬಂದಿಲ್ಲ ಅಂತಾರೆ. ನನ್ ಮಂಡಿ ನೋವು ನಿಂಗೆ ಗೊತ್ತಾ?”

“ನಾಳೆ ಬರ್ತದೆ ಅಜ್ಜಿ,” ಎಂದ ಕಾಂತೇಶ. ನಾಚಿಕೆಯಾಗಬೇಕಿತ್ತು, ಅದೂ ಆಗಲಿಲ್ಲ.

ಮರುದಿನ ಹನ್ನೊಂದರ ಹೊತ್ತಿಗೆ ಎನ್.ಆರ್. ಪುರಕ್ಕೆ ಹೋದ. ವಿಜಯ ಕುರ್ಚಿ ಬಿಟ್ಟೆದ್ದಳು. ಹೊಸ ವರ್ಷನ್ ಐದೇ ನಿಮಿಷದಲ್ಲಿ ತಕರಾರಿಲ್ಲದೆ ಕೂತಿತು. ಯಂತ್ರದ ಹೆಸರೇನು ಎಂದು ಕೇಳಿತು.

“ಸುಮನಕ್ಕನ ಹೆಸರೇ ಇರ್ಲಿ ಸರ್,” ಎಂದಳು ವಿಜಯ. “ನಂಗೆಂತದೂ ಇಲ್ಲ.”

“ಬೇಡ. ಇಲ್ಲಿ ಕೂರೋದು ನೀನು.”

‘ವಿಜಯ’ ಎಂದು ಒತ್ತಿದ. ಶಂಕರಮ್ಮನ ರಿಪೋರ್ಟು ನೋಡುನೋಡುತ್ತಲೇ ಕೊಪ್ಪಕ್ಕೆ ಹೋಯಿತು.

ಮರುದಿನ ಒಂಬತ್ತಕ್ಕೆ ಕೊಪ್ಪದ ಪರದೆಯಲ್ಲಿ ‘ವಿಜಯ’ ಪಕ್ಕ ಹಸಿರು ಚುಕ್ಕೆ ಮೂಡಿತು. ಕೆಳಗೆ ಬೂದು ಬಣ್ಣದಲ್ಲಿ ‘ಸುಮನಾ’ ಎಂದಿತ್ತು. ಅದರ ಮುಂದೆ ಸಣ್ಣ ಅಕ್ಷರದ ಒಂದು ಸಾಲು: ‘ಕೊನೆಯ ಸಲ ಕಂಡದ್ದು ನಿನ್ನೆ, ಹನ್ನೊಂದೂವರೆಗೆ.’

ಕಾಂತೇಶ ಎರಡು ಸಲ ಓದಿದ. ಹದಿನಾಲ್ಕು ತಿಂಗಳಿಂದ ಬಾರದ ಅಳು, ಲ್ಯಾಬಿನ ತುಂಬ ಜನ ಕೂತಿರುವಾಗಲೇ ಬಂತು.