ಆರನೇ ಪುಟದ ಕೋಮಲ ಸ್ವರ

ಸಂಗೀತದ ಪುಸ್ತಕಗಳನ್ನು ಅಚ್ಚು ಹಾಕುವ ಆ ಮುದ್ರಣಾಲಯದಲ್ಲಿ ಅವಳನ್ನು ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವಳಿಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಮೂವತ್ತು ವರ್ಷಗಳಿಂದ ಕರಡು ತಿದ್ದುವುದೇ ಅವಳ ಕಸುಬು. ಹಳೆಯ ಆರ್ಗನ್ ಸಂಗೀತದ ಎರಡು ಮೂರು ಮುದ್ರಣಗಳನ್ನು ಮೇಜಿನ ಮೇಲೆ ಹರಡಿಕೊಂಡು, ಒಂದರಲ್ಲಿ ಒಂದು ಸ್ವರ, ಇನ್ನೊಂದರಲ್ಲಿ ಇನ್ನೊಂದು ಇದ್ದರೆ ಯಾವುದು ಸರಿ ಎಂದು ತೀರ್ಮಾನಿಸಬೇಕು. ಬರೆದವನು ಸತ್ತು ಮುನ್ನೂರು ವರ್ಷವಾಗಿರುತ್ತದೆ. ಅವನನ್ನೇ ಕೇಳೋಣವೆಂದರೆ ಆಗುವ ಮಾತಲ್ಲ.

ಈ ಕಣ್ಣು ಅವಳಿಗೆ ಬಂದದ್ದು ಅಪ್ಪನಿಂದ. ಅಪ್ಪ ಅದೇ ಮುದ್ರಣಾಲಯದ ಕೆತ್ತನೆಗಾರನಾಗಿದ್ದ. ಸೀಸದ ತಗಡಿನ ಮೇಲೆ ಒಂದೊಂದು ಸ್ವರವನ್ನೂ ಉಕ್ಕಿನ ಮೊಳೆಯಿಂದ ತಿರುಗುಮುರುಗಾಗಿ ಒತ್ತುವ ಕೆಲಸ. ಈಗ ಎಂಬತ್ತೆಂಟು. ಕಣ್ಣು ಪೂರ್ತಿ ಹೋಗಿದೆ, ನಾಲಗೆ ಮಾತ್ರ ಹರಿತವಾಗಿದೆ. “ಪ್ರತೀಲಿ ನೊಣ ಸತ್ತು ಅಂಟಿದ್ರೆ ಅದನ್ನೂ ಕೆತ್ತಿಬಿಡ್ತಿದ್ದೆ ಕಣ್ರೀ. ನಂದು ಅಂತ ಒಂದು ಚುಕ್ಕಿ ಸೇರಿಸ್ಲಿಲ್ಲ, ತೆಗೀಲಿಲ್ಲ,” ಎಂದು ಬಂದವರಿಗೆಲ್ಲ ಹೇಳುತ್ತಾನೆ. ಅವನಿಗೆ ಉಳಿದಿರುವುದು ಈ ಹೆಮ್ಮೆಯೊಂದೇ.

ಆ ವರ್ಷ ಅವಳ ಪಾಲಿಗೆ ಬಂದದ್ದು ಅಪ್ಪ ಕೆತ್ತಿದ ಪುಸ್ತಕದ್ದೇ ಹೊಸ ಮುದ್ರಣ. ಆರನೇ ಪುಟದಲ್ಲಿ ತೊಡಕು. ಬೇರೆಯವರ ಮುದ್ರಣದಲ್ಲಿ ಅಲ್ಲಿ ಕೋಮಲ ಸ್ವರ, ಅಂದರೆ ಅರ್ಧ ಸ್ವರ ತಗ್ಗಿಸುವ ಗುರುತು. ಕೇಳಿದರೆ ಊಟದಲ್ಲಿ ಕಲ್ಲು ಸಿಕ್ಕಂತಾಗುತ್ತದೆ. ಅಪ್ಪನದರಲ್ಲಿ ಶುದ್ಧ ಸ್ವರ, ಕಿವಿಗೆ ಸಲೀಸು. ನಲವತ್ತು ವರ್ಷಗಳಿಂದ ಆರ್ಗನ್ ನುಡಿಸುವವರು ನೆಚ್ಚಿಕೊಂಡಿದ್ದು ಅದನ್ನೇ. ಅಪ್ಪ ಮುಂದಿಟ್ಟುಕೊಂಡು ಕೆತ್ತಿದ ಕೈಬರಹದ ಪ್ರತಿ, ಆ ಸಂಗೀತ ರಚಿಸಿದವನ ಶಿಷ್ಯನೊಬ್ಬ ನಕಲು ಮಾಡಿದ್ದು, ಆಮೇಲೆ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಅದರಲ್ಲಿ ಏನಿತ್ತು ಎಂಬುದಕ್ಕೆ ಅಪ್ಪನ ತಗಡೊಂದೇ ಸಾಕ್ಷಿ.

“ಎರಡೂ ಇರಬಹುದು ಅಂತ ಅಡಿಟಿಪ್ಪಣಿ ಹಾಕಿ ಮುಗಿಸ್ಬಿಡಿ ಮೇಡಂ,” ಎಂದರು ಸಂಪಾದಕರು. ಅಡ್ಡಗೋಡೆಯ ಮೇಲೆ ದೀಪ ಇಡುವುದು ಅವಳ ಜಾಯಮಾನವಲ್ಲ. ನೆಲಮಾಳಿಗೆಗೆ ಇಳಿದು, ಕಾಗದದಲ್ಲಿ ಸುತ್ತಿಟ್ಟಿದ್ದ ತಗಡನ್ನು ಹುಡುಕಿ ತೆಗೆದು, ಬೋರಲು ಹಾಕಿದಳು.

ಕೆತ್ತನೆಯಲ್ಲಿ ತಪ್ಪಾದರೆ ಅಳಿಸುವಂತಿಲ್ಲ. ತಗಡಿನ ಹಿಂದೆ ಆ ಜಾಗವನ್ನು ಗುರುತಿಸಿ ಸುತ್ತಿಗೆಯಿಂದ ತಟ್ಟಿ, ಮುಂದೆ ನಯ ಮಾಡಬೇಕು. ಹಿಂದೆ ಒಂದು ಗುಳಿ ಉಳಿದೇ ಉಳಿಯುತ್ತದೆ. ಈ ತಗಡಿನ ಬೆನ್ನಿಗೆ ಮೂರು ಗುಳಿಗಳಿದ್ದವು. ತಗಡಿನ ಜೊತೆಗೇ ಇಟ್ಟಿದ್ದ, ಆಗಿನ ಸಂಪಾದಕರು ಕೊಟ್ಟಿದ್ದ ತಿದ್ದುಪಡಿಗಳ ಪಟ್ಟಿಯಲ್ಲಿ ಇದ್ದದ್ದು ಎರಡೇ. ಮೂರನೆಯ ಗುಳಿ ಸರಿಯಾಗಿ ಆ ಸ್ವರದ ಹಿಂದೆ. ದೀಪವನ್ನು ಓರೆಯಾಗಿ ಹಿಡಿದು ಮುಂಭಾಗ ನೋಡಿದಳು. ನಯ ಮಾಡಿದ ಜಾಗದಲ್ಲಿ ಕೋಮಲದ ಗುರುತು ಮಸುಕಾಗಿ ಇನ್ನೂ ಕಾಣುತ್ತಿತ್ತು. ಬೇರೆಯವರ ಮುದ್ರಣದಲ್ಲೂ ಅಲ್ಲೇ ಅದೇ ಗುರುತಿರುವಾಗ ಕೈತಪ್ಪಿ ಒತ್ತಿದ್ದು ಅನ್ನುವಂತಿಲ್ಲ. ಪ್ರತಿಯಲ್ಲಿದ್ದದ್ದನ್ನು ಮೊದಲು ಕೆತ್ತಿ, ಆಮೇಲೆ ಅಪ್ಪ ಬೇಕೆಂದೇ ತೆಗೆದದ್ದು.

ಎರಡು ದಿನ ಟಿಪ್ಪಣಿಯ ಜಾಗವನ್ನು ಖಾಲಿಯೇ ಬಿಟ್ಟಳು. ಬರೆಯದೆ ಬಿಟ್ಟರೆ ಯಾರಪ್ಪನ ಗಂಟೂ ಹೋಗುವುದಿಲ್ಲ. ಬರೆದರೆ ತನ್ನಪ್ಪನ ಹೆಮ್ಮೆ ಮಣ್ಣುಪಾಲು. ಮೂರನೆಯ ದಿನ ಮಧ್ಯಾಹ್ನ ಅವನ ಉಗುರು ಕತ್ತರಿಸುತ್ತ ಕೇಳಿಯೇಬಿಟ್ಟಳು.

“ಅಪ್ಪಾ, ಆರನೇ ಪುಟದಲ್ಲಿ ಒಂದು ಕೋಮಲ ತೆಗ್ದಿದೀಯಲ್ಲ, ಯಾರು ಹೇಳಿದ್ರು?”

ಬೆರಳು ಅವಳ ಕೈಯಲ್ಲಿ ಬಿಗಿಯಾಯಿತು.

“ಯಾರೂ ಹೇಳ್ಲಿಲ್ಲ. ಆ ಶಿಷ್ಯ ತಪ್ಪು ಬರ್ದಿದಾನೆ ಅನ್ನಿಸ್ತು. ನನ್ನ ಕಿವಿಗೆ ಹಿಡಿಸ್ಲಿಲ್ಲ.” ಕೈ ಹಿಂದಕ್ಕೆ ಎಳೆದುಕೊಂಡ. “ಒಂದೇ ಒಂದು ಸಲ ಕಣೆ.”

“ಟಿಪ್ಪಣೀಲಿ ಬರೀಬೇಕಾಗತ್ತೆ.”

“ಏನಂತ?”

ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದ ವಾಕ್ಯವನ್ನು ಹೇಳಿದಳು: “ಪ್ರತಿಯಲ್ಲಿ ಕೋಮಲ ಸ್ವರವೇ ಇತ್ತು, ಹಿಂದಿನ ಮುದ್ರಣದ ಕೆತ್ತನೆಗಾರರೊಬ್ಬರು ಅದನ್ನು ತೆಗೆದಿದ್ದಾರೆ.”

“ಒಬ್ಬರು ಅಂದ್ರೆ ಯಾರು?” ಅಪ್ಪನ ದನಿ ಗಡುಸಾಯಿತು. “ಆ ಕೆತ್ತನೆ ಕೋಣೇಲಿ ನಾವು ಏಳು ಜನ ಇದ್ವಿ. ನನ್ನ ತಪ್ಪನ್ನ ಅವರ ತಲೆಗೆ ಕಟ್ತೀಯಾ? ನನ್ನ ಹೆಸರು ಹಾಕು.”

ಐವತ್ತು ವರ್ಷ ಅವನು ಕೆತ್ತಿದ ನೂರಾರು ಪುಸ್ತಕಗಳಲ್ಲಿ ಒಂದರಲ್ಲೂ ಅವನ ಹೆಸರಿರಲಿಲ್ಲ. ಕೆತ್ತನೆಗಾರರ ಹೆಸರು ಹಾಕುವ ಪದ್ಧತಿಯೇ ಇರಲಿಲ್ಲ. ಮೊದಲ ಸಲ ಅದು ಅಚ್ಚಾಗುವುದು ಈ ತಪ್ಪಿನ ಪಕ್ಕದಲ್ಲಿ. ಅವಳಿಗೆ ಅಳು ತಡೆಯಲಾಗಲಿಲ್ಲ.

ಕರಡು ಬಂದ ದಿನ ಆ ಸಾಲನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿದಳು. ಅಪ್ಪ ಪೂರ್ತಿ ಕೇಳಿಸಿಕೊಂಡ. ಆಮೇಲೆ ಪುಟದ ಮೇಲೆ ಕೈಯಾಡಿಸಿ, “ಎಲ್ಲಿದೆ ನನ್ನ ಹೆಸರು, ತೋರ್ಸು,” ಎಂದ.

ಅವಳು ಅವನ ಬೆರಳು ಹಿಡಿದು ಆ ಜಾಗದ ಮೇಲೆ ಇಟ್ಟಳು.