ದೊಡ್ಡಪ್ಪನ ಸಿಐಡಿ ಪಿಚ್ಚರುಗಳು

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ನಮ್ಮ ದೊಡ್ಡಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಅವರ ಮನೆಯಲ್ಲಿ ಇಪ್ಪತ್ತೆಂಟು ಇಂಗ್ಲಿಷ್ ಸಿನಿಮಾಗಳ ವಿಡಿಯೋ ಕ್ಯಾಸೆಟ್ಟುಗಳಿದ್ದವು. ಇಪ್ಪತ್ತೆಂಟೂ ಗೂಢಚಾರರ ಸಿನಿಮಾಗಳೇ. ಕೋಟು ಹಾಕಿಕೊಂಡ ಗಂಡಸು, ಪಿಸ್ತೂಲು, ಹಿಮದ ಮೇಲೆ ಜಾರುವ ಕಾರು, ಕೊನೆಯಲ್ಲಿ ಏನಾದರೊಂದು ಢಮಾರ್ ಎಂದು ಸಿಡಿಯುವುದು. ದೊಡ್ಡಪ್ಪ ಇವನ್ನೆಲ್ಲ 'ಸಿಐಡಿ ಪಿಚ್ಚರು' ಅನ್ನುತ್ತಿದ್ದರು.

ಅವರು ಪಾಯಿಂಟ್ಸ್‌ಮನ್ ಆಗಿದ್ದರು, ರೈಲಿಗೆ ಹಳಿ ಬದಲಾಯಿಸಿ ಕೊಡುವ ಕೆಲಸ. ಹರೆಯದಲ್ಲಿ ಹುಬ್ಬಳ್ಳಿಯಲ್ಲಿದ್ದಾಗ ರೈಲ್ವೆಯವರ ಕ್ಲಬ್ಬಿನಲ್ಲಿ ಬಿಳಿ ಪರದೆ ಕಟ್ಟಿ ಇಂಥ ಸಿನಿಮಾ ತೋರಿಸುತ್ತಿದ್ದರಂತೆ. ಒಂದು ಮಾತೂ ತಿಳಿಯದೆ, ಬರೀ ಕಣ್ಣಿನಿಂದಲೇ ನೋಡಿ ಅವರಿಗೆ ಹುಚ್ಚು ಹಿಡಿದಿತ್ತು. ಕೇಬಲ್ ಟೀವಿ ಬಂದು ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರದ ವಿಡಿಯೋ ಲೈಬ್ರರಿ ಮುಚ್ಚಿದಾಗ ಕನ್ನಡದ್ದನ್ನೂ ಹಿಂದಿಯದ್ದನ್ನೂ ಜನ ಕಿತ್ತುಕೊಂಡು ಹೋದರು. ಯಾರಿಗೂ ಬೇಡದೆ ಉಳಿದಿದ್ದ ಇಂಗ್ಲಿಷಿನವುಗಳಲ್ಲಿ ಮೇಲೆ ಪಿಸ್ತೂಲಿನ ಚಿತ್ರವಿದ್ದವನ್ನು ದೊಡ್ಡಪ್ಪ ಗೋಣಿಚೀಲದಲ್ಲಿ ತುಂಬಿಕೊಂಡು ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿ ತಂದರು. ಮೇಲಿನ ಇಂಗ್ಲಿಷ್ ಹೆಸರುಗಳನ್ನು ಓದಲು ಬಾರದ್ದರಿಂದ ಒಂದೊಂದನ್ನೂ ಹಾಕಿ ನೋಡಿ, ತಮಗೆ ಹೊಳೆದ ಹೆಸರನ್ನು ಕನ್ನಡದಲ್ಲಿ ಬರೆದು ಅಂಟಿಸಿದ್ದರು. 'ಕೇಬಲ್ ಗಾಡಿ', 'ಉದ್ದ ಮೂಗಿನವನು', 'ದೋಣಿ ಒಂದು', 'ದೋಣಿ ಎರಡು', 'ಮುದುಕಿ ಮನೆ'. ಕಬ್ಬಿಣದ ಬೀರುವಿನ ಒಂದು ಅರೆ ಪೂರ್ತಿ ಅವುಗಳದ್ದೇ. ದೊಡ್ಡಮ್ಮನ ರೇಷ್ಮೆ ಸೀರೆಗಳು ಕೆಳಗಿನ ಅರೆಗೆ ಇಳಿದಿದ್ದವು.

ಎಸ್ಸೆಸ್ಸೆಲ್ಸಿ ಮುಗಿಸಿ, ಮಾದಿಹಳ್ಳಿಯಿಂದ ಪಿಯುಸಿ ಓದಲು ನಾನು ಅವರ ಮನೆಗೆ ಬಂದೆ. ತೊಂಬತ್ತರ ದಶಕದ ನಡುವೆ. ನಮ್ಮ ಶಾಲೆಗೆ ಇಂಗ್ಲಿಷಿನಲ್ಲಿ ನಾನೇ ಮೊದಲು ಬಂದಿದ್ದೆ. ಅದನ್ನು ಅಪ್ಪ ಊರಿಗೆಲ್ಲ ಹೇಳಿದ್ದರು, ದೊಡ್ಡಪ್ಪ ಕ್ವಾರ್ಟರ್ಸಿಗೆಲ್ಲ ಹೇಳಿದ್ದರು. ಬಂದ ಮೊದಲ ಭಾನುವಾರವೇ ಊಟವಾದ ಮೇಲೆ ದೊಡ್ಡಪ್ಪ ಕ್ಯಾಸೆಟ್ಟು ಹಾಕುವ ವಿಸಿಪಿಯ ಮೇಲಿನ ಕಸೂತಿ ಬಟ್ಟೆ ತೆಗೆದರು. "ಬಾ ಮಗ, ಇಷ್ಟು ವರ್ಷ ಮೂಗನ ಥರ ನೋಡೀನಿ. ಇವತ್ತು ನೀನು ಹೇಳ್ತೀಯ," ಅಂದು ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಅವರ ಮಗಳು, ನನಗಿಂತ ನಾಲ್ಕು ವರ್ಷ ದೊಡ್ಡ ಅಕ್ಕ, ಬಾಗಿಲಿಗೆ ಒರಗಿ ನಿಂತಿದ್ದಳು. ಪಕ್ಕದ ಮನೆಯ ಗ್ಯಾಂಗ್‌ಮನ್ನೂ ಅವರ ಹೆಂಡತಿಯೂ ಚಾಪೆಯ ಮೇಲೆ ಕೂತಿದ್ದರು.

ಸಿನಿಮಾ ಶುರುವಾಯಿತು. ಒಬ್ಬ ಇನ್ನೊಬ್ಬನಿಗೆ ಏನೋ ಹೇಳಿದ. ನನಗೆ ಒಂದು ಶಬ್ದವೂ ತಿಳಿಯಲಿಲ್ಲ.

ಪಾಠದ ಪುಸ್ತಕದ ಇಂಗ್ಲಿಷು ನನಗೆ ಗೊತ್ತಿತ್ತು. ಮೇಷ್ಟ್ರು ಓದಿದ ಇಂಗ್ಲಿಷು ತಿಳಿಯುತ್ತಿತ್ತು. ಇದು ಬಾಯೊಳಗೇ ಅಗಿದು ಉಗಿದ ಹಾಗಿತ್ತು.

"ಏನಂದ ಮಗ ಅವ್ನು?" ಅಂದರು ದೊಡ್ಡಪ್ಪ.

ಗೊತ್ತಾಗಲಿಲ್ಲ ದೊಡ್ಡಪ್ಪ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ನಕ್ಕು, ಆಮೇಲೆ ಗೊತ್ತಾಯ್ತದೆ ಬಿಡು ಅನ್ನುತ್ತಿದ್ದರು. ಆದರೆ ಚಾಪೆಯ ಮೇಲಿದ್ದವರೂ ತಲೆಯೆತ್ತಿ ನನ್ನ ಬಾಯನ್ನೇ ನೋಡುತ್ತಿದ್ದರು. "ಒಂದು ಪೆಟ್ಟಿಗೆ ಕಳುವಾಗಿದೆಯಂತೆ. ಹುಡುಕಿಕೊಂಡು ಬಾ ಅಂತಿದ್ದಾನೆ," ಅಂದೆ. ಎರಡು ನಿಮಿಷಕ್ಕೆ ಪರದೆಯ ಮೇಲೆ ನಿಜವಾಗಿಯೂ ಒಂದು ಪೆಟ್ಟಿಗೆ ಕಾಣಿಸಿತು. ಗ್ಯಾಂಗ್‌ಮನ್ನು, "ಹೇಳಿದ್ಲು ನೋಡು!" ಅಂತ ತೊಡೆ ತಟ್ಟಿದರು. ಆಮೇಲೆ ನನಗೆ ಹಿಂದೆ ಬರಲು ಆಗಲಿಲ್ಲ. ನಿಜ ಹೇಳಬೇಕೆಂದರೆ ಬರಲು ಮನಸ್ಸೂ ಇರಲಿಲ್ಲ.

ಹೀಗೆ ಮೂರು ನಾಲ್ಕು ವರ್ಷ ಭಾನುವಾರ ಭಾನುವಾರ ನಾನು ಕತೆ ಕಟ್ಟಿದೆ. ಮುಖ ನೋಡಿ, ಕೈಸನ್ನೆ ನೋಡಿ, ಸಂಗೀತ ಕೇಳಿ, ಬಾಯಿಗೆ ಬಂದದ್ದನ್ನು ಹೇಳಿದೆ. ಹೇಳಿದ್ದು ಮರೆತುಹೋಗದಂತೆ ಕಾಲೇಜಿನ ನೋಟ್ ಪುಸ್ತಕದ ಹಿಂದೆ ಬರೆದಿಟ್ಟುಕೊಳ್ಳುತ್ತಿದ್ದೆ, ಮತ್ತೆ ಅದೇ ಪಿಚ್ಚರು ಹಾಕಿದರೆ ಸಿಕ್ಕಿಬೀಳಬಾರದಲ್ಲ. ದೊಡ್ಡಪ್ಪ ಆ ಕತೆಗಳನ್ನು ಸ್ಟೇಷನ್ನಿನ ಟೀ ಅಂಗಡಿಯಲ್ಲಿ ಹೇಳುತ್ತಿದ್ದರು. "ನಮ್ಮ ಹುಡುಗಿ ಬಿಡಿಸಿ ಹೇಳ್ತದೆ ಕಣ್ರೀ, ನೀವು ಬನ್ನಿ ಒಂದ್ ಸಲ," ಅಂತ ಜನರನ್ನು ಕರೆಯುತ್ತಿದ್ದರು.

'ಮುದುಕಿ ಮನೆ'ಯ ವಿಷಯ ಹೇಳಬೇಕು. ಅದರಲ್ಲಿ ಒಂದು ಕಡೆ ಆ ಕೋಟಿನವನು ಹಳ್ಳಿಯ ಮನೆಯೊಂದಕ್ಕೆ ಹೋಗುತ್ತಾನೆ. ಬಾಗಿಲು ತೆರೆದ ಮುದುಕಿ ಅವನನ್ನು ಒಳಗೆ ಕರೆದು, ಟೀ ಕೊಟ್ಟು, ಅವನ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡುತ್ತಾಳೆ. ಅವನು ತಲೆ ತಗ್ಗಿಸಿ ಕೇಳುತ್ತಾನೆ. ದೊಡ್ಡಪ್ಪ ಅಂದು ಕ್ಯಾಸೆಟ್ಟನ್ನು ನಿಲ್ಲಿಸಿ ಕೇಳಿದರು, "ಆಯಮ್ಮ ಏನಂತಾಳೆ?"

ನಾನು, "ಅವನ ತಾಯಿ ದೊಡ್ಡಪ್ಪ," ಅಂದೆ. "ಎಷ್ಟು ವರ್ಷ ಆಯ್ತು ನಿನ್ನ ಮುಖ ನೋಡಿ, ಸೊರಗಿಹೋಗಿದ್ದೀಯ, ಕೆಲಸ ಕೆಲಸ ಅಂತ ಮನೆ ಮರೆತುಬಿಟ್ಟೆ, ನಾನು ಸತ್ತರೂ ನಿನಗೆ ಗೊತ್ತಾಗಲ್ಲ ಅಂತಿದ್ದಾಳೆ."

ಈ ಮಾತು ನನಗೆ ಆಕಾಶದಿಂದ ಬಿದ್ದದ್ದಲ್ಲ. ನಮ್ಮಜ್ಜಿ ಮಾದಿಹಳ್ಳಿಯಲ್ಲಿ ತೀರಿಕೊಂಡಾಗ ದೊಡ್ಡಪ್ಪ ಹುಬ್ಬಳ್ಳಿಯಲ್ಲಿ ಡ್ಯೂಟಿ ಮೇಲಿದ್ದರು. ಟೆಲಿಗ್ರಾಂ ಕೈಸೇರಿ ಅವರು ಊರಿಗೆ ಬರುವಷ್ಟರಲ್ಲಿ ಮಣ್ಣಾಗಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ನನಗೂ ಗೊತ್ತಿತ್ತು. ದೊಡ್ಡಪ್ಪ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು ಕೂತು, "ಹಾಕು ಮುಂದಕ್ಕೆ," ಅಂದರು. ಅವರ ಕಣ್ಣು ಕೆಂಪಗಾಗಿತ್ತು. ನಾನು ಆಗ ಹೆಮ್ಮೆಪಟ್ಟೆ. ಇಷ್ಟು ವರ್ಷವಾದರೂ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ಅದಾದ ಮೇಲೆ ದೊಡ್ಡಪ್ಪನಿಗೆ ಉಳಿದ ಇಪ್ಪತ್ತೇಳು ಒಂದು ಕಡೆ, ಅದೊಂದೇ ಒಂದು ಕಡೆ. ಮನೆಗೆ ಯಾರು ಬಂದರೂ ಹಾಕಿ ತೋರಿಸುತ್ತಿದ್ದರು.

ಪಿಯುಸಿ ಮುಗಿದ ಮೇಲೂ ನಾನು ಅವರ ಮನೆಯಲ್ಲೇ ಉಳಿದು ಡಿಗ್ರಿಯ ಎರಡನೇ ವರ್ಷದಲ್ಲಿದ್ದಾಗ ಅಕ್ಕನ ಮದುವೆಯಾಯಿತು. ಭಾವ ಮೈಸೂರಿನವರು, ಓದಿದವರು, ಸರ್ಕಾರಿ ಕೆಲಸ. ಮದುವೆಯಾದ ಹೊಸತರಲ್ಲಿ ಅವರು, ಅವರ ತಂದೆತಾಯಿ, ತಮ್ಮ ಎಲ್ಲರೂ ಊಟಕ್ಕೆ ಬಂದರು. ಒಬ್ಬಟ್ಟಿನ ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ದೊಡ್ಡಪ್ಪ ಬೀರು ತೆಗೆದರು. "ದೊಡ್ಡಪ್ಪ, ಈಗ ಬೇಡ, ಅವರಿಗೆ ಸುಸ್ತಾಗಿರುತ್ತೆ," ಅಂದೆ. ಅವರು ಕೇಳಲಿಲ್ಲ. 'ಮುದುಕಿ ಮನೆ'ಯನ್ನೇ ಹಾಕಿ, ಆ ಜಾಗಕ್ಕೆ ಓಡಿಸಿ, ಬೀಗರ ಕಡೆ ತಿರುಗಿ ನಿಂತು ಕತೆ ಹೇಳಿದರು. ತಾಯಿ ಮಗನಿಗೆ ಹೇಳುವ ಮಾತನ್ನು ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದರು.

ಭಾವ ಕೇಳಿಸಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಾ ನಗಲು ಶುರುಮಾಡಿದರು. ಕೆಟ್ಟ ನಗುವಲ್ಲ, ತಡೆಯಲಾಗದ ನಗು. "ಮಾವ, ಈ ಸಿನಿಮಾ ನಾನು ನೋಡಿದ್ದೀನಿ, ಅದು ಅವನ ತಾಯಿ ಅಲ್ಲ. ಅವಳ ಮಗನನ್ನ ಇವನೇ ಕೊಂದಿರೋದು. ಈಗ ಮಗನ ಸ್ನೇಹಿತ ಅಂತ ಸುಳ್ಳು ಹೇಳಿಕೊಂಡು ಮನೇಲಿರೋ ಕಾಗದ ಹುಡುಕೋಕೆ ಬಂದಿದ್ದಾನೆ. ನನ್ನ ಮಗ ಹೇಗಿದ್ದಾನೆ ಅಂತ ಅವಳು ಕೇಳ್ತಿದ್ದಾಳೆ. ಯಾರು ಹೇಳಿದ್ದು ನಿಮಗೆ ಇದು?"

ಅವರ ತಮ್ಮನೂ ನಕ್ಕ. ಅವರ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ದೊಡ್ಡಪ್ಪ ನನ್ನ ಕಡೆ ನೋಡಿದರು. ನನ್ನ ಹೆಸರು ಹೇಳಲಿಲ್ಲ. ನಾನೇ ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದರು ಅನ್ನಿಸುತ್ತದೆ.

ನಾನು ಹೇಳಿದೆ. "ನಾನು ಹಾಗೆ ಹೇಳಿರಲಿಲ್ಲ ದೊಡ್ಡಪ್ಪ. ನಾನು ಸರಿಯಾಗೇ ಹೇಳಿದ್ದೆ. ಈಚೆಗೆ ನಿಮಗೆ ಕಿವಿ ಸರಿಯಾಗಿ ಕೇಳಿಸಲ್ಲ ಅಲ್ವಾ, ತಪ್ಪು ತಿಳ್ಕೊಂಡಿದ್ದೀರಾ." ಹೇಳಿ ನಾನೂ ನಕ್ಕೆ.

"ಇರ್ಬೌದು," ಅಂದರು ದೊಡ್ಡಪ್ಪ. "ವಯಸ್ಸಾಯ್ತಲ್ಲ." ವಿಸಿಪಿ ಆರಿಸಿ, ಬೀಗರಿಗೆ ಇನ್ನೊಂದು ಸುತ್ತು ಕಾಫಿ ಮಾಡಿಸಲು ಒಳಗೆ ಹೋದರು.

ಆಮೇಲೆ ಅವರು ನನ್ನನ್ನು ಪಿಚ್ಚರಿಗೆ ಕರೆಯಲಿಲ್ಲ. ನಾನೂ ಪರೀಕ್ಷೆ ಅಂತ ರೂಮು ಸೇರಿಕೊಂಡೆ. ಡಿಗ್ರಿ ಮುಗಿಯಿತು, ಬಿ.ಎಡ್ ಆಯಿತು, ಬೇಲೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆದೆ. ಹೌದು, ಇಂಗ್ಲಿಷೇ. ಹೊಸ ಶತಮಾನ ಬಂದು ಮೂರು ನಾಲ್ಕು ವರ್ಷವಾಗಿತ್ತು. ಅಷ್ಟರಲ್ಲಿ ಮದುವೆಯಾಗಿ ಬೇಲೂರಿನಲ್ಲೇ ಮನೆ ಮಾಡಿದ್ದೆ, ಗಂಡ ಒಂದು ಡಿವಿಡಿ ಪ್ಲೇಯರ್ ತಂದರು. ಹಾಸನದ ಒಂದು ಅಂಗಡಿಯಲ್ಲಿ ಡಿಸ್ಕುಗಳನ್ನು ತಿರುವುತ್ತಿದ್ದಾಗ ಗುರುತಿದ್ದ ಮುಖವೊಂದು ಕಂಡಿತು. 'ಮುದುಕಿ ಮನೆ'. ತಂದು, ಕೆಳಗೆ ಅಕ್ಷರ ಬರುವಂತೆ ಹಾಕಿಕೊಂಡು, ಒಬ್ಬಳೇ ಕೂತು ನೋಡಿದೆ. ಎರಡು ಗಂಟೆಯ ಸಿನಿಮಾದಲ್ಲಿ ನಾನು ದೊಡ್ಡಪ್ಪನಿಗೆ ಹೇಳಿದ್ದ ಮಾತು ಒಂದಾದರೂ ಇರಲಿಲ್ಲ. ಆ ಮುದುಕಿ ಸತ್ತ ಮಗನ ಯೋಗಕ್ಷೇಮ ಕೇಳುವುದನ್ನು ಹಿಂದಕ್ಕೆ ಓಡಿಸಿ ಎರಡು ಸಲ ಓದಿದೆ. ಮರುವಾರವೇ ಹಳೇಬೀಡು, ಜಾವಗಲ್ಲು ದಾಟಿ ಅರಸೀಕೆರೆಗೆ ಹೋಗುವ ಬಸ್ಸು ಹತ್ತಿದೆ.

ದೊಡ್ಡಪ್ಪ ರಿಟೈರಾಗಿ ಮಾಲೇಕಲ್ಲು ರಸ್ತೆಯ ಕಡೆ ಸಣ್ಣ ಮನೆ ಕಟ್ಟಿಕೊಂಡಿದ್ದರು. ಅವರೂ ದೊಡ್ಡಮ್ಮನೂ ಬಿಸಿಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ಒಂದು ಹಿಡಿ ಎಳೆದುಕೊಂಡೆ. ಬಸ್ಸಿನಲ್ಲಿ ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿ, "ದೊಡ್ಡಪ್ಪ, ಅವತ್ತು ಭಾವನ ಮುಂದೆ ನಿಮಗೆ ಕಿವಿ ಕೇಳಿಸಲ್ಲ ಅಂದಿದ್ದು ಸುಳ್ಳು. ತಾಯಿ ಅಂತ ನಾನೇ ಹೇಳಿದ್ದು," ಅಂದೆ.

"ಅದು ಗೊತ್ತು," ಅಂದರು ಅವರು, ಕಾಯಿಯಿಂದ ಕಣ್ಣು ತೆಗೆಯದೆ.

ದೊಡ್ಡಮ್ಮ ಕೈ ನಿಲ್ಲಿಸಿದರು. "ನಿಂಗೇನೇ ಗೊತ್ತು? ನೀನು ಹಂಗಂದ ಮೇಲೆ ಹದಿನೈದು ದಿನ ಇವ್ರು ನಿದ್ದೆ ಮಾಡ್ಲಿಲ್ಲ. ಕಿವಿ ಹೋಗೈತೆ ಅಂತ ಆಫೀಸಿನೋರಿಗೆ ಗೊತ್ತಾದ್ರೆ ಲೈನಿನ ಕೆಲ್ಸದಿಂದ ತೆಗೀತಾರೆ ಅಂತ ಹೆದ್ರಿಕೆ. ಯಾರ್ಗೂ ಹೇಳ್ದೆ ಹಾಸನಕ್ಕೋಗಿ ಪರೀಕ್ಷೆ ಮಾಡಿಸ್ಕೊಂಡ್ ಬಂದ್ರು. ಕಿವಿ ಎರಡೂ ಚೆನ್ನಾಗವೆ ಅಂದ್ರಂತೆ ಡಾಕ್ಟ್ರು."

ದೊಡ್ಡಪ್ಪ ನನ್ನ ಮಾತನ್ನು ನಂಬಿದ್ದರು. ತಮ್ಮ ಕಿವಿಯನ್ನು ಬಿಟ್ಟು ನನ್ನ ಬಾಯನ್ನು ನಂಬಿದ್ದರು. ಡಾಕ್ಟರು ಹೇಳಿದ ದಿನ ಅವರಿಗೆ ನನ್ನ ಆ ಸುಳ್ಳು ತಿಳಿದಿತ್ತು. ಆ ಸಂಜೆ ಮನೆಗೆ ಬಂದು ಎಂದಿನಂತೆ ನನ್ನ ಪಕ್ಕ ಊಟಕ್ಕೆ ಕೂತಿರಬೇಕು. ನನಗೆ ಆ ಸಂಜೆಯ ನೆನಪೇ ಇಲ್ಲ.

ನಾನು ಅಳತೊಡಗಿದೆ. ಅಳುತ್ತಲೇ ಉಳಿದದ್ದನ್ನೂ ಹೇಳಿದೆ. ಅದೊಂದೇ ಅಲ್ಲ, ಆಗ ನನಗೆ ಯಾವುದೂ ತಿಳಿಯುತ್ತಿರಲಿಲ್ಲ, ಎಲ್ಲ ನಾನೇ ಕಟ್ಟಿದ್ದು ಅಂದೆ.

ಈಗ ಅವರು ತಲೆಯೆತ್ತಿದರು. ಇದು ಅವರಿಗೆ ಗೊತ್ತಿರಲಿಲ್ಲ. "ಎಲ್ಲಾನಾ? 'ಕೇಬಲ್ ಗಾಡಿ'ನೂವೆ?"

"ಹೂಂ."

"ಇಪ್ಪತ್ತೆಂಟೂನಾ?"

"ಹೂಂ ದೊಡ್ಡಪ್ಪ."

ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, "ಹಂಗಾರೆ ನಾನು ಅಷ್ಟು ದಿನ ನೋಡಿದ್ದೇನು?" ಅಂದರು. ನನ್ನನ್ನು ಕೇಳಿದ ಹಾಗಿರಲಿಲ್ಲ. ಆಮೇಲೆ ಹೇಳಿದರು, "ಅಳಿಯಂದ್ರಿಗೆ ಹೇಳ್ಬಿಡು. ನಂಗೆ ಅಷ್ಟೇ ಸಾಕು. ಅವ್ರು ನನ್ನ ಏನೋ ಅಂದ್ಕೊಂಡವ್ರೆ."

ಒಳಗಿದ್ದ ಫೋನಿನಿಂದಲೇ ಮೈಸೂರಿಗೆ ಮಾಡಿದೆ. ದೊಡ್ಡಪ್ಪ ಬಾಗಿಲಲ್ಲಿ ನಿಂತಿದ್ದರು. ಭಾವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಯಾವ ಸಿನಿಮಾ?" ಅಂದರು ಅವರು. ನಾನು ವಿವರಿಸಿದೆ. "ಹೌದಾ? ನಾನು ನಕ್ಕಿದ್ನಾ? ನೆನಪೇ ಇಲ್ಲ ನೋಡು. ಅದಕ್ಕೆಲ್ಲ ಫೋನ್ ಮಾಡ್ತಾರಾ? ಇರು, ನಿಮ್ಮಕ್ಕನಿಗೆ ಕೊಡ್ತೀನಿ."

ಫೋನಿಟ್ಟು ಹೊರಗೆ ಬಂದು, "ಹೇಳಿದೆ. ಅವರಿಗೆ ನೆನಪಿಲ್ವಂತೆ," ಅಂದೆ.

"ಎಲ್ಲಿರ್ತದೆ," ಅಂದರು ದೊಡ್ಡಪ್ಪ. ಮತ್ತೆ ಅವರೆಕಾಯಿಯ ಮುಂದೆ ಕೂತರು.

ಕ್ಯಾಸೆಟ್ಟುಗಳ ಮೇಲೆ ಆಗಲೇ ಬೂಷ್ಟು ಹಿಡಿದಿತ್ತು. ಮುಂದೊಂದು ಸಲ ಮನೆಗೆ ಸುಣ್ಣ ಹೊಡೆಸುವಾಗ ದೊಡ್ಡಮ್ಮ ಅವನ್ನು ಗುಜರಿಗೆ ಹಾಕಿದರು. ದೊಡ್ಡಪ್ಪ ಆಮೇಲೂ ಕೆಲವು ವರ್ಷ ಇದ್ದರು. ಹಬ್ಬಕ್ಕೆ ಕರೆಯುತ್ತಿದ್ದರು, ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ರೈಲಿನ ಕತೆ ಹೇಳುತ್ತಿದ್ದರು. ಒಂದು ದಿನವೂ ಮುಖ ಗಂಟು ಹಾಕಲಿಲ್ಲ.

ಒಂದು ಗೌರಿ ಹಬ್ಬದಲ್ಲಿ ನಾನು ಅಲ್ಲಿದ್ದಾಗ ಪೆನ್ಷನ್ ಆಫೀಸಿನಿಂದ ಅವರಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ನಾನು ಅವರ ಎದುರಿಗೇ ಕೂತು ಹೂ ಕಟ್ಟುತ್ತಿದ್ದೆ. ಕೈ ಒರೆಸಿಕೊಂಡು, "ಕೊಡಿ ದೊಡ್ಡಪ್ಪ," ಅಂದೆ. ಅವರು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ನೀನು ಕಟ್ಟವ್ವ, ಪೂಜೆಗೆ ಹೊತ್ತಾಯ್ತದೆ," ಅಂದು, ಚಪ್ಪಲಿ ಮೆಟ್ಟಿಕೊಂಡು, ಎರಡು ಮನೆ ಆಚೆ ಇದ್ದ ಮೇಷ್ಟ್ರ ಹತ್ತಿರ ಓದಿಸಲು ಹೋದರು.