ನನ್ನ ನೋಟಿಸಿಗೆ ನಾನೇ ಬರೆದ ಉತ್ತರ

ನಾನು ಹತ್ತೊಂಬತ್ತು ವರ್ಷ ಲಾರಿ ಓಡಿಸಿ, ಮೂರು ವರ್ಷ ಕುರ್ಚಿಯ ಮೇಲೆ ಕೂತು, ಈಗ ಮತ್ತೆ ಲಾರಿ ಓಡಿಸುತ್ತಿದ್ದೇನೆ. ಜನ ಆ ಹತ್ತೊಂಬತ್ತು ವರ್ಷದ ಬಗ್ಗೆ ಏನೂ ಕೇಳುವುದಿಲ್ಲ. ಕುರ್ಚಿಯನ್ನು ಯಾಕೆ ಬಿಟ್ಟೆ ಎಂಬುದಷ್ಟೇ ಅವರಿಗೆ ಬೇಕು.

ನನ್ನ ಅಪ್ಪ ಗೋಕಾಕದ ಕಡೆಯಿಂದ ಗಡಿ ದಾಟಿ ಇಚಲಕರಂಜಿಗೆ ಬಂದು ಜೀವನಪೂರ್ತಿ ಪವರ್‌ಲೂಮ್ ಮಗ್ಗದ ಮುಂದೆ ನಿಂತವರು. ಹೆಂಡತಿ ಅದೇ ಓಣಿಯವಳು, ಮದುವೆಗೆ ಮುಂಚೆ ಮಗ್ಗಕ್ಕೆ ನೂಲಿನ ಕಾಂಡಿ ಸುತ್ತುತ್ತಿದ್ದಳು. ನಾನೊಬ್ಬನೇ ಮಗ್ಗದ ಸದ್ದು ತಾಳಲಾರದೆ ಎಂಜಿನ್ನಿನ ಸದ್ದಿಗೆ ಓಡಿಹೋದವನು. ಸ್ವಂತ ಲಾರಿಯನ್ನೂ ಮಾಡಿಕೊಂಡಿದ್ದೆ. ಆಮೇಲೆ ಬೆನ್ನು ನೋಯಲು ಶುರುವಾಗಿ ಅದನ್ನು ಮಾರಬೇಕಾಯಿತು. ಮಾರಿದ ವಾರದಲ್ಲೇ ಗೋಕುಳ ಶಿರಗಾಂವದ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯ ಮಾಲಕರು ಕರೆಸಿ, ಮ್ಯಾನೇಜರ್ ಆಗು ಎಂದರು. ಡ್ರೈವರುಗಳು ಆಡುವ ಆಟವೆಲ್ಲ ನಿನಗೆ ಗೊತ್ತು, ಅದಕ್ಕೇ ನೀನೇ ಬೇಕು ಎಂದು ಕಾರಣವನ್ನೂ ಹೇಳಿದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಓಣಿಯಲ್ಲಿ ಒಂದೇ ದಿನಕ್ಕೆ ನಾನು ಸಾಹೇಬನಾದೆ. ಹೆಂಡತಿ ಎರಡು ಅಂಗಿಗೆ ಇಸ್ತ್ರಿ ಹಾಕಿಸಿ ತಂದಳು. ಪಕ್ಕದ ಮನೆಯ ಅಜ್ಜಿ ಮೊಮ್ಮಗಳ ಅಂಕಪಟ್ಟಿಯ ಝೆರಾಕ್ಸ್ ಹಿಡಿದು ಬಂದು, ನೀವೀಗ ದೊಡ್ಡವರು, ಸಹಿ ಹಾಕಿ ಶಿಕ್ಕಾ ಒತ್ತಿ ಎಂದಳು. ನನ್ನ ಹತ್ತಿರ ಅಂಥ ಮೊಹರು ಇಲ್ಲ ಎಂದಿದ್ದಕ್ಕೆ, ಇಷ್ಟು ಬೇಗ ಸೊಕ್ಕು ಬಂತಲ್ಲ ಎಂದು ಗೊಣಗುತ್ತ ಹೋದಳು.

ಆಫೀಸಿನಲ್ಲಿ ಗೋಡೆಯಷ್ಟು ದೊಡ್ಡದೊಂದು ಟಿ.ವಿ. ಇತ್ತು. ಅದರಲ್ಲಿ ಕಂಪನಿಯ ಗಾಡಿಗಳೆಲ್ಲ ಚುಕ್ಕೆಗಳಾಗಿ ಕಾಣುತ್ತಿದ್ದವು. ಓಡುತ್ತಿದ್ದರೆ ಹಸಿರು, ನಿಂತರೆ ಕೆಂಪು. ಕೆಂಪಾದವನಿಗೆ ಫೋನ್ ಮಾಡಿ ಯಾಕೆ ನಿಂತೆ ಎಂದು ಕೇಳುವುದು ನನ್ನ ಕೆಲಸ. ಒಬ್ಬ ಡ್ರೈವರ್ ಸಂಕೇಶ್ವರದ ಹತ್ತಿರ ನಿಂತು, ರೇಡಿಯೇಟರಿನ ನೀರು ಸೋರುತ್ತಿದೆ, ಬೆಲ್ಲ ಮತ್ತು ಅರಿಶಿನ ಕಲಸಿ ಮೆತ್ತಿದ್ದೇನೆ, ಒಣಗಬೇಕು ಎಂದ. ಆ ನೆಪ ಹುಟ್ಟಿಸಿದವನು ನಾನೇ. ಹದಿನೈದು ವರ್ಷದ ಹಿಂದೆ ಧಾಬಾದಲ್ಲಿ ಮಲಗಬೇಕಾದಾಗ ಹೇಳುತ್ತಿದ್ದೆ. ಈಗ ಅದನ್ನು ಸುಳ್ಳೆಂದು ಹಿಡಿದುಕೊಟ್ಟೆ. ಮಾಲಕರು ಬೆನ್ನು ತಟ್ಟಿದರು.

ಪ್ರತಿ ಸೋಮವಾರ ಮೀಟಿಂಗ್. ಒಮ್ಮೆ ಪುಣೆಯಿಂದ ಉತ್ಸಾಹ ತುಂಬುವ ಗುರುಗಳೊಬ್ಬರು ಬಂದು ಡ್ರೈವರುಗಳನ್ನೆಲ್ಲ ಸಾಲಾಗಿ ಕೂರಿಸಿ, ಕಣ್ಣು ಮುಚ್ಚಿ ನೀವು ಗರುಡ ಎಂದು ಭಾವಿಸಿ ಎಂದರು. ಐದು ನಿಮಿಷಕ್ಕೆ ಇಬ್ಬರು ಗೊರಕೆ ಹೊಡೆದರು. ಗುರುಗಳು ಬಹಳ ಸಂತೋಷಪಟ್ಟು, ಇವರು ಆಳಕ್ಕೆ ಇಳಿದಿದ್ದಾರೆ ಎಂದು ಮಾಲಕರಿಗೆ ತೋರಿಸಿದರು. ಉಳಿದವರಿಗೂ ಅಷ್ಟು ಆಳಕ್ಕೆ ಇಳಿಯಲು ಹೇಳಬೇಕೆಂದು ನನಗೆ ಆಜ್ಞೆಯಾಯಿತು.

ನಗುತ್ತ ಬರೆಯುತ್ತಿದ್ದೇನೆ, ಆದರೆ ಆಗ ನನಗೆ ನಗು ಬರುತ್ತಿರಲಿಲ್ಲ. ನನಗದು ಹಿಡಿಸಿಬಿಟ್ಟಿತ್ತು. ಆಫೀಸಿನಿಂದ ಮನೆಗೂ ಫೋನ್ ಮಾಡಿ ಅಡಿಗೆ ಎಲ್ಲಿಗೆ ಬಂತು, ಕರೆಂಟ್ ಬಿಲ್ ಕಟ್ಟಲು ಹೊರಟೆಯೋ ಇಲ್ಲವೋ ಎಂದು ವಿಚಾರಿಸತೊಡಗಿದೆ. ಒಂದು ದಿನ ಮೂರನೆಯ ಸಲ ಮಾಡಿದಾಗ ಅವಳು, “ನಾ ಈಗ ಹಸಿರ ಅದೀನೋ ಕೆಂಪ ಅದೀನೋ, ನಿಮ್ಮ ಟಿ.ವಿ. ಮ್ಯಾಲ ನೋಡಿ ನೀವ ಹೇಳ್ರಿ,” ಎಂದು ಫೋನ್ ಇಟ್ಟಳು.

ಮೂರನೆಯ ವರ್ಷದ ಕಬ್ಬಿನ ಹಂಗಾಮಿನಲ್ಲಿ ಆ ನೋಟಿಸಿನ ಪ್ರಸಂಗ ನಡೆಯಿತು.

ನಮ್ಮ ಡ್ರೈವರುಗಳಲ್ಲಿ ಹಿರಿಯರೊಬ್ಬರಿದ್ದರು, ಅಕಿವಾಟದವರು. ನಾನು ಸ್ಟೇರಿಂಗ್ ಹಿಡಿಯಲು ಕಲಿತಿದ್ದು ಅವರ ಪಕ್ಕದಲ್ಲಿ ಕೂತು. ಅವರನ್ನು ಮಾಮಾ ಎಂದೇ ಕರೆಯುತ್ತಿದ್ದೆ. ಮ್ಯಾನೇಜರ್ ಆದ ಮೇಲೆ ನಾನು ಹಾಗೆಯೇ ಕರೆದರೂ ಅವರು ನನ್ನನ್ನು ಸಾಹೇಬ್ರ ಎನ್ನತೊಡಗಿದ್ದರು. ಅವತ್ತು ಅವರು ಫೌಂಡ್ರಿಯ ಮಾಲು ಹೇರಿಕೊಂಡು ಗಡಹಿಂಗ್ಲಜದ ಕಾರ್ಖಾನೆಗೆ ಹೊರಟಿದ್ದರು. ನೂಲದ ಹತ್ತಿರ ಅವರ ಚುಕ್ಕೆ ಕೆಂಪಾಯಿತು. ಒಂದೂವರೆ ತಾಸು ಕೆಂಪಾಗಿಯೇ ಇತ್ತು. ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ಗಾಡಿಯ ಜಿ.ಪಿ.ಎಸ್. ಯಂತ್ರವೇ ಮಾಲಕರ ಮೊಬೈಲಿಗೆ ಸುದ್ದಿ ಮುಟ್ಟಿಸಿತು.

ಸಂಜೆ ತಿಳಿಯಿತು. ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರ್ ರಸ್ತೆಗೆ ಅಡ್ಡ ಮಗುಚಿ, ಅದರ ಡ್ರೈವರನ ಕಾಲು ಸಿಕ್ಕಿಕೊಂಡಿತ್ತು. ಮಾಮಾ ತಮ್ಮ ಗಾಡಿಯ ಸರಪಳಿ ಬಿಚ್ಚಿ, ಟ್ರೇಲರಿಗೆ ಕಟ್ಟಿ, ಎಳೆದು ಅವನನ್ನು ಹೊರತೆಗೆದಿದ್ದರು. ಇದನ್ನು ಮಾಲಕರಿಗೆ ಹೇಳಿದೆ. ಅವರು ಗಂಭೀರವಾಗಿ ಕೇಳಿ, ಮಾಡಿದ್ದು ಪುಣ್ಯದ ಕೆಲಸ, ಆದರೆ ಅನುಮತಿ ಪಡೆದು ಮಾಡಬೇಕಿತ್ತು ಎಂದರು. ನೋಟಿಸ್ ಬರೆ ಎಂದರು. ಬರೆದೆ, ಇಂಗ್ಲಿಷಿನಲ್ಲಿ, ಕಂಪನಿಯ ನಮೂನೆಯ ಪ್ರಕಾರ.

ಮರುದಿನ ಮಾಮಾ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟು, ಓದಿ ಹೇಳಲು ಕೇಳಿದರು. ನಾನು ಬರೆದಿದ್ದನ್ನು ನಾನೇ ಓದಿ ಅರ್ಥ ಹೇಳಿದೆ. ಇದಕ್ಕೆ ಲಿಖಿತ ಉತ್ತರ ಕೊಡಬೇಕು ಎಂದೆ. ತಮಗೆ ಸಹಿ ಬಿಟ್ಟರೆ ಬರೆಯಲು ಬರುವುದಿಲ್ಲ, ನೀವೇ ಬರೆಯಿರಿ ಎಂದರು. ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯದನ್ನು ನಾನು ಬರೆದಿರಲಿಲ್ಲ. ಸಿಕ್ಕಿಕೊಂಡ ಕಾಲು, ರಸ್ತೆ ತುಂಬ ಕಬ್ಬು, ಹಿಂದೆ ನಿಂತ ಶಾಲೆಯ ಬಸ್ಸು, ಎಲ್ಲ ಬಂತು. ಮಾಮಾ ಕೆಳಗೆ ಸಹಿ ಹಾಕಿದರು. ನಾನು ಅದನ್ನು ನನ್ನ ಕೈಯಿಂದಲೇ ಸ್ವೀಕರಿಸಿ, ಸ್ವೀಕರಿಸಲಾಗಿದೆ ಎಂದು ಬರೆದೆ.

ಮಾಲಕರು ಓದಿ, ಉತ್ತರ ಸಮಾಧಾನಕರವಾಗಿಲ್ಲ ಎಂದು ಬರೆಯಲು ಹೇಳಿದರು. ಅದನ್ನೂ ನಾನೇ ಬರೆದೆ. ಎಂಟು ದಿನ ಗಾಡಿ ಕೊಡುವುದಿಲ್ಲ ಎಂಬ ಶಿಕ್ಷೆಯೂ ನನ್ನ ಅಕ್ಷರದಲ್ಲೇ ಇತ್ತು.

ಮಾಮಾ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು.

“ಸಾಹೇಬ್ರ, ಅಲ್ಲಿ ನೀವ ಇದ್ದಿದ್ರ ಏನ್ ಮಾಡ್ತಿದ್ರಿ?”

“ನಿಲ್ತಿದ್ದೆ, ಮಾಮಾ.”

“ಮತ್ತ ಇದನ್ಯಾಕ ಬರದ್ರಿ?”

ಅವರು ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿ ತಿಳಿಯದೆ ಕೇಳಿದರು. ಅವರು ಅಕಿವಾಟಕ್ಕೆ ಹೋದರು. ಎಂಟು ದಿನ ಕಳೆದ ಮೇಲೂ ಕಂಪನಿಗೆ ಬರಲಿಲ್ಲ.

ಹದಿನೈದು ದಿನ ಆ ಪ್ರಶ್ನೆಯನ್ನು ಹೊತ್ತು ಆಫೀಸಿಗೆ ಹೋಗಿಬಂದೆ. ಆಮೇಲೆ ರಾಜೀನಾಮೆ ಕೊಟ್ಟೆ. ಮಾಲಕರಿಗೆ ಅದು ಚೌಕಾಶಿಯಂತೆ ಕಂಡಿತು. ಹೆಸರಿನ ಮುಂದೆ ಸೀನಿಯರ್ ಎಂದು ಸೇರಿಸುತ್ತೇನೆ ಎಂದರು. ಅದಕ್ಕೂ ನಾನು ಒಪ್ಪದಿದ್ದಾಗ, ತಲೆ ಒರಗಿಸಲು ಬರುವಂಥ ಕುರ್ಚಿ ಕೊಡಿಸುತ್ತೇನೆ ಎಂದರು. ಲಾರಿ ಓಡಿಸುತ್ತೇನೆ ಎಂದ ಮೇಲೆ ನನ್ನ ಮುಖವನ್ನು ನೋಡಿ, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ಕೇಳಿದರು.

ಮನೆಯಲ್ಲಿ ಸರಿಯಿರಲಿಲ್ಲ. ಸಾಹೇಬನ ಹೆಂಡತಿಯಾಗಿ ಇನ್ನೂ ಮೂರೇ ವರ್ಷ ಆಗಿತ್ತು, ಅವಳಿಗೆ ಸಾಕಾಗಿರಲಿಲ್ಲ. ಮೂರನೆಯ ದಿನ ನನ್ನ ಅದೇ ನೋಯುವ ಬೆನ್ನಿಗೆ ಎಣ್ಣೆ ತಿಕ್ಕುತ್ತ, “ಹೋಗ್ರಿ. ಆದ್ರ ದಾರಿ ಮ್ಯಾಲಿಂದ ಫೋನ್ ಮಾಡಿ ನನ್ನ ಲೆಕ್ಕಾ ಕೇಳಬ್ಯಾಡ್ರಿ,” ಎಂದಳು.

ಗಾಡಿ ಹುಡುಕಬೇಕಿತ್ತು. ಎಂಜಿನ್ನಿನ ಸದ್ದು ಕೇಳಿಯೇ ಗಾಡಿಯ ಜೀವ ತಿಳಿಯುವವರು ನನಗೆ ಒಬ್ಬರೇ ಗೊತ್ತಿದ್ದರು. ನಾಚಿಕೆ ಬಿಟ್ಟು ಅಕಿವಾಟಕ್ಕೆ ಹೋದೆ. ಮಾಮಾ ಹೊಲದಲ್ಲಿದ್ದರು. ಚಹಾ ತರಿಸಿದರು, ನೋಟಿಸಿನ ಮಾತೆತ್ತಲಿಲ್ಲ. ನಾನೇ ಎತ್ತಲು ಹೋದರೆ, ಗಾಡಿ ಯಾವ ಮಾಡೆಲ್ ಬೇಕು ಎಂದು ಮಾತು ತಿರುಗಿಸಿದರು. ತಮ್ಮ ಸಂಬಂಧಿಕರೊಬ್ಬರ ಹಳೆಯ ಹತ್ತು ಗಾಲಿಯ ಲಾರಿ ಇದೆ ಎಂದು ಕರೆದುಕೊಂಡು ಹೋಗಿ, ಎಂಜಿನ್ ಶುರು ಮಾಡಿ ಕ್ಲಚ್ ತುಳಿದು, ಅರ್ಧ ತಾಸು ಅದರ ಕೆಳಗೆ ಮಲಗಿ ನೋಡಿ ಎದ್ದುಬಂದರು.

“ಎಂಜಿನ್ ಚಲೋ ಐತಿ. ಕ್ಲಚ್ ಭಾಳ ಬಿರುಸ ಐತಿ, ಕಾಲು ನೋಯ್ತಾವ. ನೋಯ್ಲಿ, ತಗೋ.”

ಮೂರು ವರ್ಷದ ನಂತರ ಅವರು ನನಗೆ ಏಕವಚನದಲ್ಲಿ ಮಾತಾಡಿದ್ದು ಅವತ್ತು. ನಾನು ಮುಖ ತಿರುಗಿಸಿ ಟಾಯರ್ ನೋಡಿದಂತೆ ಮಾಡಿದೆ.

ಲಾರಿಗೆ ಪೂಜೆ ಮಾಡಿಸಿದ ದಿನ ಹಳೆಯ ಮಾಲಕರು ಪೇಢೆ ಹಿಡಿದು ಬಂದರು. ಅವರೂ ಒಂದು ಕಾಲಕ್ಕೆ ಡ್ರೈವರ್ ಆಗಿದ್ದವರು. ಗಾಡಿಯ ಸುತ್ತ ಒಂದು ಸುತ್ತು ಹೊಡೆದು, ಚಪ್ಪಲಿ ಕಳಚಿಟ್ಟು ಕ್ಯಾಬಿನ್ ಹತ್ತಿದರು. ಎಂಜಿನ್ ಶುರು ಮಾಡದೆ, ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ಕಾಲು ಗಂಟೆ ಎದುರಿನ ಗೋಡೆ ನೋಡುತ್ತ ಕೂತರು. ಒಮ್ಮೆ ಗೇರ್ ಹಾಕಿದ್ದನ್ನೂ ಕಂಡೆ. ಆಗ ಆಫೀಸಿನಿಂದ ಫೋನ್ ಬಂತು. “ಮೀ ಮೀಟಿಂಗ್‌ಮಧ್ಯೆ ಆಹೇ,” ಎಂದು ಮರಾಠಿಯಲ್ಲಿ ಗದರಿಸಿ, ಇನ್ನೈದು ನಿಮಿಷ ಆ ಮೀಟಿಂಗಿನಲ್ಲೇ ಇದ್ದು ಇಳಿದರು.

ಮೊದಲ ಬಾಡಿಗೆ ಗಡಹಿಂಗ್ಲಜದ ಅದೇ ಕಾರ್ಖಾನೆಗೆ ಸಿಕ್ಕಿತು. ಮ್ಯಾನೇಜರ್ ಆಗಿದ್ದಾಗ ಅಲ್ಲಿನ ಗೇಟಿನ ಕಾವಲುಗಾರ ನನಗೆ ಸಲಾಮು ಹೊಡೆದು ಕುರ್ಚಿ ಹಾಕುತ್ತಿದ್ದ. ಈಗ ನನ್ನನ್ನು ಗುರುತು ಹಿಡಿದ, ಹಿಡಿದ ಮೇಲೆ ಬೂಟು ಎಲ್ಲಿ ಎಂದು ಕೇಳಿದ. ಬೂಟಿಲ್ಲದವರು ಬಿಸಿಲಲ್ಲಿ ನಿಲ್ಲಬೇಕೆಂದು ನಿಯಮವಂತೆ. ನಿಂತೆ. ಹಿಂದಿರುಗಲು ಬಾಡಿಗೆ ಹುಡುಕಿಕೊಡುವ ದಲಾಲ, ಅರ್ಧ ತಾಸಿನಲ್ಲಿ ಮಾಲು ಬರುತ್ತದೆ ಎಂದ. ಅವನ ಅರ್ಧ ತಾಸು ಮರುದಿನ ಮಧ್ಯಾಹ್ನಕ್ಕೆ ಮುಗಿಯಿತು. ನನ್ನ ಗಾಡಿಗೆ ನಾನೇ ಮಾಲಕ, ಯಾರೂ ಕೇಳುವವರಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತ ಅದರ ನೆರಳಿನಲ್ಲಿ ಮಲಗಿದೆ. ನಿಜವಾಗಿಯೂ ಯಾರೂ ಕೇಳಲಿಲ್ಲ, ಊಟವಾಯಿತೇ ಎಂದು ಕೂಡ.

ಕೊನೆಗೆ ಸಿಕ್ಕಿದ್ದು ಒಣಮೆಣಸಿನಕಾಯಿಯ ಚೀಲಗಳು. ಮೇಲೆ ಹೊದಿಸಿದ ತಾಡಪತ್ರಿಯನ್ನು ಎಷ್ಟು ಬಿಗಿದರೂ ಘಾಟು ಕ್ಯಾಬಿನ್ನಿಗೆ ಬರುತ್ತಿತ್ತು. ಕೊಲ್ಹಾಪುರದ ಮಾರ್ಕೆಟ್‌ನಲ್ಲಿ ಇಳಿಸಿ ಇಚಲಕರಂಜಿಯ ಮನೆ ಸೇರುವಾಗ ನನ್ನ ಕಣ್ಣು ಊದಿ ನೀರು ಸುರಿಯುತ್ತಿತ್ತು. ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. ಅವಳ ಮುಖ ಮೆತ್ತಗಾಯಿತು. ಕೈಹಿಡಿದು ಒಳಗೆ ಕರೆತಂದು, “ಅಳಬ್ಯಾಡ್ರಿ. ಮಾಲಕರು ಒಳ್ಳೇವ್ರು, ನಾಳೆ ಹೋಗಿ ಕೇಳಿದ್ರ ತಿರುಗಿ ಕೆಲಸಕ್ಕ ತಗೋತಾರ,” ಎಂದಳು.

ಅಳುತ್ತಿಲ್ಲ ಎಂದು ಹೇಳಲು ಬಾಯಿ ತೆರೆದರೆ ಸೀನು ಬಂತು, ಒಂದರ ಹಿಂದೆ ಒಂದು. ಸಮಾಧಾನ ಮಾಡಲು ಹತ್ತಿರ ಬಂದು ನನ್ನ ಅಂಗಿಗೆ ಮುಖವಿಟ್ಟವಳು ತಾನೂ ಸೀನತೊಡಗಿದಳು. ಸದ್ದು ಕೇಳಿ ಪಕ್ಕದ ಮನೆಯ ಅಜ್ಜಿ ಬಂದು ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತಳು. ಅಷ್ಟು ಹೊತ್ತಿಗೆ ನಾವಿಬ್ಬರೂ ನಗುತ್ತಿದ್ದೆವು. ಅಂಗಿ ಬಿಚ್ಚಿ ಹೊರಗೆ ಎಸೆಯಿರಿ ಎಂದಳು ಹೆಂಡತಿ, ಎಸೆದೆ.